ದಿನಾ ಪಾಠ ಓದುತ್ತೇನೆ, ಡೈರಿ ಬರೆಯುತ್ತೇನೆ, ಆದರೂ ಸಿಟ್ಟು ಹಾಗೇ ಇದೆ

ಪ್ರಶ್ನೆ: ನನಗೆ 38 ವರ್ಷ. ಸಹಕಾರಿ ಬ್ಯಾಂಕೊಂದರಲ್ಲಿ ಕ್ಯಾಷಿಯರ್. ಮನೆಯಲ್ಲಿ ಗಂಡ, ಅತ್ತೆ, ಇಬ್ಬರು ಮಕ್ಕಳು. ಹೋದ ವರ್ಷದಿಂದ ದಿನಾ ಬೆಳಿಗ್ಗೆ ಮೊಬೈಲ್‌ನಲ್ಲಿ ಐದು ನಿಮಿಷ ‘ನಿಮ್ಮನ್ನು ನೀವು ಅರಿಯಿರಿ’ ಅನ್ನುವ ಥರದ ಪಾಠ ಓದುತ್ತೇನೆ. ಓದುವಾಗ ಎಲ್ಲ ಸರಿ ಅನ್ನಿಸುತ್ತದೆ. ಸಂಜೆ ಮನೆಗೆ ಬಂದರೆ ಅದೇ ಕೂಗಾಟ, ಆಮೇಲೆ ಅದೇ ಪಶ್ಚಾತ್ತಾಪ. ರಾತ್ರಿ ಡೈರಿ ಬರೆಯಲು ಶುರು ಮಾಡಿದೆ. ‘ನಾನು ಯಾಕೆ ಹೀಗೆ’ ಅಂತ ಪುಟಗಟ್ಟಲೆ ಬರೆದು ಇನ್ನೂ ಬೇಜಾರಾಗಿ ನಿದ್ದೆ ಹಾಳಾಗುತ್ತಿದೆ. ‘ನಿನಗೆ ನಿನ್ನ ಬಗ್ಗೇನೇ ಗೊತ್ತಿಲ್ಲ’ ಅಂತ ನಮ್ಮ ಮನೆಯವರು ಅನ್ನುತ್ತಾರೆ. ದಿನಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಸಮಯ ನನ್ನ ಹತ್ತಿರ ಇಲ್ಲ. ಇಂಥ ಸಣ್ಣ ಪಾಠಗಳಿಂದ ನಿಜಕ್ಕೂ ಏನಾದರೂ ಆಗುತ್ತದಾ, ಇಲ್ಲ ನನ್ನಲ್ಲೇ ದೋಷ ಇದೆಯಾ?

ಉತ್ತರ: ಹತ್ತು ನಿಮಿಷ ಧಾರಾಳವಾಗಿ ಸಾಕು. ದೋಷ ನಿಮ್ಮಲ್ಲಿಲ್ಲ, ಪಾಠದಲ್ಲೂ ಅಂಥದ್ದೇನಿಲ್ಲ. ಆ ಹತ್ತು ನಿಮಿಷವನ್ನು ಖರ್ಚು ಮಾಡುತ್ತಿರುವ ಜಾಗ ತಪ್ಪಾಗಿದೆ. ಬೆಳಿಗ್ಗೆ ಯಾರೋ ಬರೆದದ್ದನ್ನು ಓದಿ ತಲೆಯಾಡಿಸುತ್ತೀರಿ. ರಾತ್ರಿ ನಿಮ್ಮ ಮೇಲೆ ನೀವೇ ತೀರ್ಪು ಬರೆಯುತ್ತೀರಿ. ಮಧ್ಯದಲ್ಲಿ ಇಡೀ ದಿನ ನಡೆದದ್ದು ಎಲ್ಲೂ ದಾಖಲಾಗುವುದೇ ಇಲ್ಲ. ನಿಮ್ಮ ಬಗ್ಗೆ ನಿಮಗೆ ಏನಾದರೂ ಗೊತ್ತಾಗಬೇಕಾದರೆ ಅದು ಅಲ್ಲಿಂದಲೇ ಬರಬೇಕು ಅಲ್ವಾ?

ಮೊದಲು ಪಾಠದ ಕಥೆ ನೋಡೋಣ. ಓದುವಾಗ ‘ಎಲ್ಲ ಸರಿ ಅನ್ನಿಸುತ್ತದೆ’ ಅಂದಿರಲ್ಲ, ಆ ಅನ್ನಿಸುವಿಕೆಯನ್ನೇ ನಂಬಬೇಡಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗರಿಗೆ ಒಂದು ಸಣ್ಣ ಪಾಠ ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು. ಇನ್ನು ಕೆಲವರು ಪಾಠ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ಉಲ್ಟಾ. ಮುಚ್ಚಿಟ್ಟು ಬರೆದವರಿಗೆ ಸುಮಾರು 56 ಪರ್ಸೆಂಟ್ ನೆನಪಿತ್ತು, ಸುಮ್ನೆ ಮತ್ತೆ ಓದಿದವರಿಗೆ 42. ಓದಿದ ತಕ್ಷಣ ಎಲ್ಲ ಗೊತ್ತಾಯಿತು ಅನ್ನಿಸುತ್ತದೆ, ವಾರ ಕಳೆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೈಬಿಟ್ಟಿರುತ್ತದೆ. ಒಂದು ವರ್ಷದಿಂದ ದಿನಕ್ಕೊಂದು ಹೊಸ ಪಾಠ ಓದಿದ್ದೀರಿ. ಮೊನ್ನೆಯದು ಏನಿತ್ತು ಅಂತ ಫೋನ್ ಮುಟ್ಟದೆ ಹೇಳಿ ನೋಡೋಣ. ಆಗದಿದ್ದರೆ ಬೇಸರ ಬೇಡ, ಯಾರಿಗೂ ಆಗುವುದಿಲ್ಲ. ಪಾಠಗಳು ಸಾಲಾಗಿ ಬಂದು ಸಾಲಾಗಿ ಹೋಗುತ್ತವೆ, ಅಷ್ಟೇ.

ಇನ್ನು ರಾತ್ರಿಯ ಡೈರಿ. ನಿಜವಾದ ತೊಂದರೆ ಇರುವುದು ಇಲ್ಲಿ.

‘ನಾನು ಯಾಕೆ ಹೀಗೆ’ ಅನ್ನುವ ಪ್ರಶ್ನೆಗೆ ಮನಸ್ಸು ಯಾವತ್ತೂ ಉತ್ತರ ಇಲ್ಲ ಅನ್ನುವುದಿಲ್ಲ. ಕೇಳಿದ ತಕ್ಷಣ ಏನಾದರೂ ಒಂದು ಕಾರಣ ಹೊಸೆದು ಕೊಡುತ್ತದೆ, ಅದೂ ಬಹಳ ನಂಬಿಕೆಯಿಂದ. ಆ ಕಾರಣ ನಿಜ ಇರಬೇಕು ಅಂತೇನೂ ಇಲ್ಲ. ನಿಸ್ಬೆಟ್ ಮತ್ತು ವಿಲ್ಸನ್ ಎಂಬುವರು 1977ರಲ್ಲಿ ಬರೆದ ಪ್ರಬಂಧದಲ್ಲಿ ಇದಕ್ಕೊಂದು ಮಜಾ ಉದಾಹರಣೆ ಇದೆ. ಅಮೆರಿಕದ ಮಿಷಿಗನ್‌ನ ಒಂದು ದೊಡ್ಡ ಅಂಗಡಿಯಲ್ಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟು, ಯಾವುದು ಚೆನ್ನಾಗಿದೆ ಹೇಳಿ ಅಂತ ಗಿರಾಕಿಗಳನ್ನು ಕೇಳಿದರು. ಎಡತುದಿಯದನ್ನು ಆರಿಸಿದವರು 12 ಪರ್ಸೆಂಟ್, ಬಲತುದಿಯದನ್ನು ಆರಿಸಿದವರು 40. ಯಾಕೆ ಅದೇ ಅಂದರೆ ನೇಯ್ಗೆ ಚೆನ್ನಾಗಿದೆ, ಮುಟ್ಟಿದರೆ ನಯವಾಗಿದೆ ಅಂತೆಲ್ಲ ಹೇಳಿದರು. ನಾಲ್ಕೂ ಜೊತೆ ಒಂದೇ ಮಾಲು! ಇಟ್ಟ ಜಾಗದಿಂದ ನಿಮ್ಮ ಆಯ್ಕೆ ಬದಲಾಗಿರಬಹುದಾ ಅಂತ ನೇರವಾಗಿ ಕೇಳಿದರೂ ಹೆಚ್ಚುಕಮ್ಮಿ ಎಲ್ಲರೂ ಛೇ ಇಲ್ಲ ಅಂದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜಕ್ಕೂ ಹಾಗೇ ಅನ್ನಿಸಿತ್ತು.

ಕಾಲುಚೀಲದ ಆಯ್ಕೆಗೇ ನಮಗೆ ನಮ್ಮ ಕಾರಣ ಗೊತ್ತಾಗದಿದ್ದರೆ, ರಾತ್ರಿ ಹತ್ತೂವರೆಗೆ ಸುಸ್ತಾಗಿ ಕೂತು ‘ನಾನು ಮಕ್ಕಳ ಮೇಲೆ ಯಾಕೆ ಕೂಗಾಡುತ್ತೇನೆ’ ಅಂತ ಕೇಳಿಕೊಂಡರೆ ಎಂಥ ಉತ್ತರ ಬರಬಹುದು ಯೋಚಿಸಿ. ನನ್ನ ಸ್ವಭಾವವೇ ಸರಿಯಿಲ್ಲ, ನಾನು ಒಳ್ಳೆ ತಾಯಿ ಅಲ್ಲ, ನಮ್ಮಪ್ಪನ ಸಿಟ್ಟೇ ನನಗೂ ಬಂದಿದೆ. ಸುಸ್ತಾದ ಮನಸ್ಸಿಗೆ ಸುಲಭವಾಗಿ ಕೈಗೆ ಸಿಗುವ ಕಾರಣಗಳು ಇವೇ. ಬರೆದಷ್ಟೂ ಅವು ಗಟ್ಟಿಯಾಗುತ್ತವೆ, ಹೊಸದೇನೂ ಗೊತ್ತಾಗುವುದಿಲ್ಲ.

ಇದರಿಂದ ಬೇಜಾರು ಹೆಚ್ಚಾಗುತ್ತದೆ ಅನ್ನುವ ನಿಮ್ಮ ಅನುಭವವೂ ಸುಳ್ಳಲ್ಲ. ಸೂಸನ್ ನೋಲೆನ್-ಹೋಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಗಳಲ್ಲಿ, ಬೇಸರವಾದಾಗ ಯಾರು ಏನು ಮಾಡುತ್ತಾರೆ ಅಂತ ಒಂದು ಸಮೀಕ್ಷೆ ಮಾಡಿದ್ದರು. ಅದಾಗಿ ಎರಡು ವಾರಕ್ಕೆ, 1989ರ ಅಕ್ಟೋಬರ್ 17ರಂದು, ಅದೇ ಸುತ್ತಿನಲ್ಲಿ ಲೋಮಾ ಪ್ರಿಯೇಟಾ ಭೂಕಂಪ ಆಯಿತು. ಆಮೇಲೆ ಅದೇ ವಿದ್ಯಾರ್ಥಿಗಳನ್ನು ಮತ್ತೆ ವಿಚಾರಿಸಿದರು. ಮೊದಲಿನಿಂದಲೂ ಬೇಸರವನ್ನು ಮೆಲುಕು ಹಾಕುತ್ತಾ ‘ನನಗೇ ಯಾಕೆ ಹೀಗಾಗುತ್ತದೆ’ ಅಂತ ಕೂರುವ ಅಭ್ಯಾಸ ಇದ್ದವರಲ್ಲಿ, ಏಳು ವಾರ ಕಳೆದರೂ ಖಿನ್ನತೆಯ ಲಕ್ಷಣ ಜಾಸ್ತಿ ಉಳಿದಿತ್ತು. ಮೆಲುಕು ಹಾಕುವುದೂ ತಿರುಗಿ ನೋಡುವುದೂ ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ, ಎರಡರಲ್ಲೂ ಮನುಷ್ಯ ಸುಮ್ಮನೆ ಕೂತು ತನ್ನ ಬಗ್ಗೆ ಯೋಚಿಸುತ್ತಿರುತ್ತಾನೆ. ಆದರೆ ಒಂದು ಸುತ್ತಿದಲ್ಲೇ ಸುತ್ತುತ್ತದೆ.

ಈಗ ನಿಮ್ಮ ಕೆಲಸಕ್ಕೇ ಬರುತ್ತೇನೆ, ಯಾಕೆಂದರೆ ಈ ವಿದ್ಯೆ ನಿಮಗೆ ಆಗಲೇ ಗೊತ್ತಿದೆ. ಸಂಜೆ ಕ್ಯಾಷ್ ಟ್ಯಾಲಿ ಆಗದೆ 500 ರೂಪಾಯಿ ಕಮ್ಮಿ ಬಂತು ಅಂತ ಇಟ್ಟುಕೊಳ್ಳಿ. ನೀವು ‘ನಾನು ಯಾಕೆ ಇಷ್ಟು ಬೇಜವಾಬ್ದಾರಿ’ ಅಂತ ಬರೆಯುತ್ತಾ ಕೂರುತ್ತೀರಾ? ಇಲ್ಲ. ವೋಚರ್ ಒಂದೊಂದಾಗಿ ತೆಗೆಯುತ್ತೀರಿ. ಹನ್ನೊಂದೂವರೆಗೆ ಕೊಟ್ಟ ಪೇಮೆಂಟ್ ಯಾವುದು, ಜನ ಜಾಸ್ತಿ ಇದ್ದದ್ದು ಯಾವಾಗ, ಯಾವ ಕಟ್ಟನ್ನು ಮಧ್ಯದಲ್ಲಿ ಬಿಟ್ಟು ಫೋನ್ ತೆಗೆದುಕೊಂಡಿರಿ ಅಂತ ನೋಡುತ್ತೀರಿ. ಸಿಟ್ಟಿನ ವಿಷಯದಲ್ಲೂ ಮಾಡಬೇಕಾದ್ದು ಅದೇ. ಸ್ವಭಾವದ ಬಗ್ಗೆ ಬರೆಯಬೇಡಿ. ನಡೆದದ್ದನ್ನು ಬರೆಯಿರಿ.

ಒಂದು ಉದಾಹರಣೆ ಬರೆದೇ ತೋರಿಸುತ್ತೇನೆ. ನಿಮ್ಮ ಡೈರಿ ಈಗ ಹೆಚ್ಚುಕಮ್ಮಿ ಹೀಗಿರುತ್ತದೆ ಅಂತ ನನ್ನ ಊಹೆ: ‘ಇವತ್ತೂ ಮಗನ ಮೇಲೆ ಕೂಗಾಡಿದೆ. ಎಷ್ಟು ಸಲ ಅಂದುಕೊಂಡರೂ ನನ್ನಿಂದ ಆಗುತ್ತಿಲ್ಲ. ಪಾಪ, ಮಗುವಿನ ಮುಖ ಸಣ್ಣಗಾಯಿತು. ನಾನು ಯಾಕೆ ಹೀಗೆ?’

ಅದೇ ಸಂಜೆಯನ್ನು ಹೀಗೆ ಬರೆಯಬಹುದು: ‘7.20. ಮಗ ಲೆಕ್ಕದ ಪುಸ್ತಕ ಸ್ಕೂಲಲ್ಲೇ ಬಿಟ್ಟು ಬಂದೆ ಅಂದ. ಒಲೆ ಮೇಲೆ ಕುಕ್ಕರ್, ಕೈಯಲ್ಲಿ ಅರ್ಧ ಹೆಚ್ಚಿದ ಬೀನ್ಸ್. ಅತ್ತೆ ಒಳಗಿಂದ ಎರಡನೇ ಸಲ ಕಾಫಿ ಕೇಳಿದ್ದರು. ನಿನ್ನ ತಲೆ ಒಂದನ್ನು ಬಿಟ್ಟು ಬರಲಿಲ್ಲವಲ್ಲ ಅಂತ ಜೋರಾಗಿ ಅಂದೆ. ಅನ್ನುವ ಮೊದಲೇ ದವಡೆ ಬಿಗಿಯಾಗಿತ್ತು. ಮಧ್ಯಾಹ್ನ ಡಬ್ಬಿ ತೆಗೆದಿರಲಿಲ್ಲ, ಕೌಂಟರ್‌ನಲ್ಲಿ ರಷ್. ಅವನು ಏನೂ ಹೇಳದೆ ರೂಮಿಗೆ ಹೋದ.’

ಎರಡನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದನ್ನು ಓದಿದರೆ ನಾಳೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ, ಅಳು ಬರುತ್ತದೆ ಅಷ್ಟೇ. ಎರಡನೆಯದರಲ್ಲಿ ಹಿಡಿದುಕೊಳ್ಳಲು ನಾಲ್ಕೈದು ಎಳೆ ಇವೆ: ಹೊತ್ತು, ಹಸಿವು, ಎರಡೂ ಕೈಗೆ ಕೆಲಸ, ಎರಡನೇ ಸಲದ ಕೂಗು, ದವಡೆ. ಅದರಲ್ಲೂ ಆ ದವಡೆಯ ಸಾಲು ನನಗೆ ಬಹಳ ಮುಖ್ಯ. ಮಾತು ಬಾಯಿಂದ ಹೊರಬೀಳುವ ಮೊದಲೇ ಮೈ ಸುಳಿವು ಕೊಟ್ಟಿರುತ್ತದೆ, ಅದನ್ನು ಒಂದಷ್ಟು ದಿನ ಬರೆದಿಟ್ಟರೆ ಮುಂದೆ ಅದು ಆಗುತ್ತಿರುವಾಗಲೇ ಗಮನಕ್ಕೆ ಬರಲು ಶುರುವಾಗುತ್ತದೆ.

ಇದು ಹೊಸ ಉಪಾಯವೇನೂ ಅಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮ್‌ನ ತತ್ವಜ್ಞಾನಿ ಸೆನೆಕ, ಸಿಟ್ಟಿನ ಮೇಲೆಯೇ ಬರೆದ ಗ್ರಂಥದಲ್ಲಿ ತನ್ನ ರಾತ್ರಿಯ ಅಭ್ಯಾಸ ಹೇಳಿಕೊಂಡಿದ್ದಾನೆ. ದೀಪ ಆರಿದ ಮೇಲೆ, ಗಂಡನ ಅಭ್ಯಾಸ ಗೊತ್ತಿದ್ದ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಇಡೀ ದಿನವನ್ನು ತಿರುಗಿ ನೋಡುತ್ತಿದ್ದನಂತೆ. ನೋಡುತ್ತಿದ್ದದ್ದು ಏನನ್ನು ಅಂದರೆ, ಇಂಥ ವಾದದಲ್ಲಿ ಜಗಳಗಂಟನ ಥರ ಮಾತಾಡಿದೆ, ಇಂಥವನಿಗೆ ಬುದ್ಧಿ ಹೇಳುವಾಗ ಅತಿಯಾಯಿತು, ಅವನು ತಿದ್ದಿಕೊಳ್ಳಲಿಲ್ಲ, ನೊಂದುಕೊಂಡ. ಒಂದೊಂದೂ ಒಂದು ಘಟನೆ. ‘ನಾನು ಕೆಟ್ಟವನು’ ಅನ್ನುವ ಸಾಲು ಅಲ್ಲಿಲ್ಲ. ಈ ಸಲ ಕ್ಷಮಿಸಿದ್ದೇನೆ, ಮತ್ತೆ ಹೀಗೆ ಮಾಡಬೇಡ ಅಂತ ತನಗೆ ತಾನೇ ಹೇಳಿಕೊಂಡು ಮಲಗುತ್ತಿದ್ದ. ಆಮೇಲೆ ನಿದ್ದೆ ಚೆನ್ನಾಗಿ ಬರುತ್ತಿತ್ತು ಅಂತಲೂ ಬರೆದಿದ್ದಾನೆ. ನಿಮಗೆ ಆಗುತ್ತಿರುವುದು ಇದಕ್ಕೆ ತದ್ವಿರುದ್ಧ ನೋಡಿ.

ಸರಿ, ಹತ್ತು ನಿಮಿಷವನ್ನು ಹೇಗೆ ಹಂಚಬೇಕು? ಬೆಳಿಗ್ಗೆ ಮೂರು, ರಾತ್ರಿ ಐದು, ಉಳಿದ ಎರಡು ಆಚೀಚೆ ಹೋಗಲಿ. ಬೆಳಿಗ್ಗೆ ಪಾಠ ಓದಿ, ಫೋನ್ ಕೆಳಗಿಡಿ, ಅದರಲ್ಲಿ ಏನಿತ್ತು ಅಂತ ಒಂದು ಸಾಲು ನಿಮ್ಮ ಮಾತಿನಲ್ಲಿ ಹೇಳಿಕೊಳ್ಳಿ. ಆಮೇಲೆ ಆ ಪಾಠವನ್ನು ಇವತ್ತಿನ ಒಂದು ನಿರ್ದಿಷ್ಟ ಹೊತ್ತಿಗೆ ಕಟ್ಟಿ. ಪಾಠ ‘ಬೇರೆಯವರ ಮಾತನ್ನು ಪೂರ್ತಿ ಕೇಳಿ’ ಅನ್ನುತ್ತಿದ್ದರೆ, ಅದನ್ನು ಹಾಗೇ ಹೊತ್ತುಕೊಂಡು ಹೋದರೆ ಆಫೀಸ್ ಮುಟ್ಟುವಷ್ಟರಲ್ಲಿ ಮರೆತಿರುತ್ತೀರಿ. ಅದರ ಬದಲು ‘ಇವತ್ತು ಮಧ್ಯಾಹ್ನ ಮ್ಯಾನೇಜರ್ ಮಾತಾಡುವಾಗ ನಾನು ಎಷ್ಟು ಸಲ ಮಧ್ಯೆ ಬಾಯಿ ಹಾಕುತ್ತೇನೆ ನೋಡೋಣ’ ಅಂತ ಇಟ್ಟುಕೊಳ್ಳಿ. ಬದಲಾಯಿಸಲು ಹೋಗಬೇಡಿ, ಸುಮ್ನೆ ನೋಡಿ. ಮೊದಲ ಎರಡು ವಾರ ಏನನ್ನೂ ಬದಲಾಯಿಸಲು ಪ್ರಯತ್ನಿಸಬೇಡಿ ಅಂತಲೇ ನಾನು ಹೇಳುವುದು. ‘ಇವತ್ತಿನಿಂದ ಕೂಗುವುದಿಲ್ಲ’ ಅಂತ ಪ್ರತಿಜ್ಞೆ ಮಾಡಿಕೊಂಡರೆ, ಕೂಗಿದ ದಿನ ಪುಸ್ತಕ ತೆಗೆಯಲು ಮನಸ್ಸು ಬರುವುದಿಲ್ಲ. ನಮಗೆ ಬೇಕಾಗಿರುವುದು ಕೂಗಿದ ದಿನದ ಪುಟವೇ.

ಒಂದು ಪಾಠಕ್ಕೆ ಒಂದು ವಾರ ಕೊಡಿ. ದಿನಾ ಹೊಸದು ಬೇಡ. ಆ್ಯಪ್‌ನವರು ದಿನಾ ಕಳಿಸಲಿ, ಅದು ಅವರ ವ್ಯಾಪಾರ. ನೀವು ಸೋಮವಾರದ್ದನ್ನು ಹಿಡಿದುಕೊಂಡು ಭಾನುವಾರದವರೆಗೆ ಅದರಲ್ಲೇ ಇರಿ.

ರಾತ್ರಿ ಒಂದೇ ಘಟನೆ, ನಾಲ್ಕೈದು ಸಾಲು. ದೊಡ್ಡ ಘಟನೆಯೇ ಆಗಬೇಕಿಲ್ಲ. ಎಷ್ಟು ಹೊತ್ತಿಗೆ, ಎಲ್ಲಿ, ಯಾರು ಏನಂದರು, ನೀವು ಏನಂದಿರಿ ಅಥವಾ ಏನು ಮಾಡಿದಿರಿ, ಆಗ ಮೈಯಲ್ಲಿ ಏನಾಗುತ್ತಿತ್ತು, ಆಮೇಲೆ ಏನಾಯಿತು. ‘ಯಾಕೆ’ ಅನ್ನುವ ಪದ ಬಂದರೆ ಅಲ್ಲೇ ಪೆನ್ನು ನಿಲ್ಲಿಸಿ. ಮಲಗುವ ಮುಂಚೆ ಬೇಡ, ಊಟ ಆಗಿ ಪಾತ್ರೆ ಎತ್ತಿಟ್ಟ ಮೇಲೆ ಅಡುಗೆಮನೆ ಕಟ್ಟೆಗೇ ಒರಗಿ ನಿಂತು ಬರೆದರೂ ನಡೆಯುತ್ತದೆ. ಒಳ್ಳೆಯ ಘಟನೆಗಳನ್ನೂ ಬರೆಯಿರಿ. ಮಗ ಪುಸ್ತಕ ಬಿಟ್ಟು ಬಂದಿದ್ದರೂ ಕೂಗದೇ ಇದ್ದ ಸಂಜೆ ಬಂದೇ ಬರುತ್ತದೆ. ಅವತ್ತು ಏನು ಬೇರೆ ಇತ್ತು ಅನ್ನುವುದು, ಕೂಗಿದ ದಿನಕ್ಕಿಂತ ಜಾಸ್ತಿ ವಿಷಯ ಹೇಳುತ್ತದೆ. ಜನ ಇದನ್ನು ಬರೆಯುವುದೇ ಇಲ್ಲ, ತಪ್ಪುಗಳ ಪಟ್ಟಿ ಮಾತ್ರ ಮಾಡುತ್ತಾರೆ.

ಭಾವನೆಗೆ ಹೆಸರಿಡುವಾಗ ಸ್ವಲ್ಪ ಧಾರಾಳವಾಗಿರಿ. ‘ಟೆನ್ಷನ್’ ಅಂತ ಬರೆದು ಮುಗಿಸಬೇಡಿ. ಅದು ಅವಮಾನವಾ, ಅಳುಕಾ, ಸುಸ್ತಾ, ಹೊಟ್ಟೆಕಿಚ್ಚಾ, ಯಾರೂ ಕೇಳುತ್ತಿಲ್ಲ ಅನ್ನುವ ಸಂಕಟವಾ? ಹೆಸರಿಡುವುದಕ್ಕೂ ತಣಿಯುವುದಕ್ಕೂ ಸಂಬಂಧ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟಿನ ಅಥವಾ ಭಯದ ಮುಖಗಳ ಚಿತ್ರ ನೋಡುತ್ತಾ ಆ ಭಾವನೆಗೆ ತಕ್ಕ ಪದ ಆರಿಸಿದಾಗ, ಅಪಾಯದ ಸುಳಿವಿಗೆ ಎಚ್ಚೆತ್ತುಕೊಳ್ಳುವ ಅಮಿಗ್ಡಲಾ ಅನ್ನುವ ಮೆದುಳಿನ ಭಾಗದ ಚಟುವಟಿಕೆ ಸ್ಕ್ಯಾನ್‌ನಲ್ಲಿ ಕಡಿಮೆ ಕಂಡಿತು. ಲ್ಯಾಬ್‌ನ ಚಿತ್ರವೇ ಬೇರೆ, ನಿಮ್ಮ ಅಡುಗೆಮನೆಯೇ ಬೇರೆ, ಒಪ್ಪುತ್ತೇನೆ. ಆದರೂ ಮಾಡಿ ನೋಡಲು ಖರ್ಚೇನೂ ಇಲ್ಲವಲ್ಲ.

ಬರೆಯುವಾಗ ಮನಸ್ಸು ಬಹಳ ಕಲಕಿದ್ದರೆ ಇನ್ನೊಂದು ಉಪಾಯ ಇದೆ. ‘ನಾನು’ ಬಿಟ್ಟು ನಿಮ್ಮ ಹೆಸರು ಹಾಕಿ ಬರೆಯಿರಿ, ಪಕ್ಕದ ಮನೆಯವರ ಕಥೆ ಹೇಳುವ ಹಾಗೆ. ಈಥನ್ ಕ್ರಾಸ್ ಮತ್ತು ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣದಂಥ ಭಯ ಹುಟ್ಟಿಸುವ ಸಂದರ್ಭದಲ್ಲಿ ತಮ್ಮನ್ನು ತಾವೇ ಹೆಸರಿಟ್ಟು ಮಾತಾಡಿಸಿಕೊಂಡವರಿಗೆ, ‘ನಾನು ನಾನು’ ಅಂದುಕೊಂಡವರಿಗಿಂತ ಕಸಿವಿಸಿ ಕಡಿಮೆ ಆಗಿತ್ತು, ಆಮೇಲೆ ಅದನ್ನೇ ಮೆಲುಕು ಹಾಕುವುದೂ ಕಡಿಮೆ. ಮೊದಮೊದಲು ನಗು ಬರುತ್ತದೆ. ಬರಲಿ.

ಇನ್ನು ಭಾನುವಾರ. ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಎಲ್ಲರೂ ಬಿಡುವುದೂ ಇದನ್ನೇ. ವಾರದ ಏಳು ಪುಟಗಳನ್ನು ಒಟ್ಟಿಗೆ ಓದಿ. ಒಂದೊಂದೇ ಪುಟದಲ್ಲಿ ನಿಮಗೆ ಏನೂ ಕಾಣುವುದಿಲ್ಲ, ಮೂರ್ನಾಲ್ಕು ವಾರದ್ದು ಸೇರಿಸಿ ಓದಿದಾಗ ಕಾಣುತ್ತದೆ. ಬೆರಳು ಹಿಡಿದು ನೋಡಿ: ಕೂಗಿದ ಸಂಜೆಗಳೆಲ್ಲ ಯಾವ ಹೊತ್ತಿನವು? ಊಟ ಬಿಟ್ಟ ದಿನಗಳಾ? ತಿಂಗಳ ಮೊದಲ ವಾರ, ಪೆನ್ಷನ್‌ನವರ ಸಾಲು ಇರುವ ದಿನಗಳಾ? ತವರಿನಿಂದ ಫೋನ್ ಬಂದ ದಿನಗಳಾ? ಸಿಟ್ಟು ಬಂದದ್ದು ಒಬ್ಬರ ಮೇಲೆ, ಬಿದ್ದದ್ದು ಇನ್ನೊಬ್ಬರ ಮೇಲೆ ಅಂತ ಆಗಿದೆಯಾ? ಮುಟ್ಟಿನ ದಿನಾಂಕವನ್ನೂ ಪುಟದ ಮೂಲೆಯಲ್ಲಿ ಗುರುತು ಹಾಕಿಡಿ, ನಾಚಿಕೆ ಬೇಡ. ಮುಟ್ಟಿಗೆ ಮುಂಚಿನ ವಾರ ಕಿರಿಕಿರಿ ಏರುವುದು ಬಹಳ ಹೆಂಗಸರಿಗೆ ಇರುವಂಥದ್ದೇ. ಅದು ತೀವ್ರವಾಗಿದ್ದರೆ, ಕಾಯಿಲೆಯ ಮಟ್ಟಕ್ಕೆ ಹೋಗಿದೆಯಾ ಅಂತ ಖಚಿತ ಮಾಡಲು ವೈದ್ಯರೂ ಕನಿಷ್ಠ ಎರಡು ತಿಂಗಳ ಮುಟ್ಟಿನ ದಿನದಿನದ ದಾಖಲೆ ಕೇಳುತ್ತಾರೆ. ನೆನಪನ್ನು ಅವರೂ ನಂಬುವುದಿಲ್ಲ.

ಇಲ್ಲಿ ನನ್ನದೊಂದು ಖಡಕ್ ಮಾತು ಇದೆ. ಹೀಗೆ ಓದಿದಾಗ ಕೆಲವೊಮ್ಮೆ ಹೊರಬರುವ ವಿಷಯ ‘ನನ್ನ ಸಿಟ್ಟು’ ಆಗಿರುವುದೇ ಇಲ್ಲ. ಸಂಜೆ ಆರೂವರೆಯಿಂದ ಒಂಬತ್ತರವರೆಗೆ ಅಡುಗೆ, ಮಕ್ಕಳ ಹೋಂವರ್ಕ್, ಅತ್ತೆಯ ಮಾತ್ರೆ, ನಾಳೆಯ ಡಬ್ಬಿಯ ಯೋಚನೆ ಎಲ್ಲ ಒಬ್ಬರ ತಲೆ ಮೇಲೇ ಇದೆ, ಉಳಿದವರು ಟಿವಿ ಮುಂದೆ ಇದ್ದಾರೆ ಅಂತ ಪುಸ್ತಕವೇ ಹೇಳಿದರೆ, ಅದಕ್ಕೆ ತಾಳ್ಮೆಯ ಪಾಠ ಮದ್ದಲ್ಲ. ಕೆಲಸ ಹಂಚಿಕೊಳ್ಳಬೇಕು. ಈ ‘ನಿಮ್ಮನ್ನು ಅರಿಯಿರಿ’ ಪಾಠಗಳ ಮೇಲೆ ನನಗಿರುವ ದೊಡ್ಡ ತಕರಾರು ಇದೇ. ಎಲ್ಲವನ್ನೂ ಒಳಗೇ ಹುಡುಕಲು ಹೇಳುತ್ತವೆ. ಹೊರಗೆ ಇರುವ ಕಾರಣಕ್ಕೂ ನಾವೇ ಒಳಗೆ ತಪ್ಪಿತಸ್ಥರಾಗಿ ಕೂರುತ್ತೇವೆ. ಮಗ ಪುಸ್ತಕ ಮರೆತ ದಿನ ಆ ಕಾಫಿಯನ್ನು ಇನ್ಯಾರಾದರೂ ಮಾಡಿಕೊಟ್ಟಿದ್ದರೆ ನೀವು ಕೂಗುತ್ತಿದ್ದಿರಾ ಅನ್ನುವುದೂ ನ್ಯಾಯವಾದ ಪ್ರಶ್ನೆಯೇ.

ಈಗ ಯಜಮಾನರ ಮಾತಿಗೆ ಬರೋಣ. ‘ನಿನಗೆ ನಿನ್ನ ಬಗ್ಗೇನೇ ಗೊತ್ತಿಲ್ಲ’ ಅನ್ನುವುದು ಅರ್ಧ ನಿಜ, ಆದರೆ ಅದು ಅವರಿಗೂ ನನಗೂ ಅಷ್ಟೇ ಅನ್ವಯಿಸುತ್ತದೆ. ಸಿಮಿನ್ ವಜೀರ್ ಎಂಬ ಮನಶ್ಶಾಸ್ತ್ರಜ್ಞೆ 2010ರಲ್ಲಿ ತೋರಿಸಿದ ಪ್ರಕಾರ, ಒಳಗಿನ ಆತಂಕ, ಅಳುಕಿನಂಥ ವಿಷಯ ನಮಗೆ ನಾವೇ ಚೆನ್ನಾಗಿ ಹೇಳಬಲ್ಲೆವು. ಬುದ್ಧಿವಂತಿಕೆ, ಸೃಜನಶೀಲತೆಯಂಥ, ಒಳ್ಳೆಯದು ಕೆಟ್ಟದ್ದು ಅಂತ ಬೆಲೆ ಕಟ್ಟುವ ಗುಣಗಳಲ್ಲಿ ಮಾತ್ರ ನಮಗಿಂತ ಸ್ನೇಹಿತರ ಅಂದಾಜೇ ಸರಿ ಇರುತ್ತದೆ. ಅಂದರೆ ನಿಮಗೆ ಎಷ್ಟು ಸಂಕಟ ಆಗುತ್ತಿದೆ ಅನ್ನುವುದು ನಿಮಗೇ ಗೊತ್ತು, ಅದನ್ನು ಬೇರೆಯವರು ಹೇಳಬೇಕಿಲ್ಲ. ನಿಮ್ಮ ದನಿ ಎಷ್ಟು ಏರುತ್ತದೆ, ಮುಖ ಹೇಗಾಗುತ್ತದೆ ಅನ್ನುವುದು ಎದುರಿಗಿದ್ದವರಿಗೇ ಕಾಣುವುದು.

ಬೆಂಜಮಿನ್ ಫ್ರಾಂಕ್ಲಿನ್ ವಿಷಯ ಇಲ್ಲಿ ಹೇಳಲೇಬೇಕು. ಅಮೆರಿಕದ ಸ್ವಾತಂತ್ರ್ಯದ ಹೋರಾಟಗಾರ, ಅಚ್ಚುಕೂಟದ ಮಾಲೀಕ, ನೂರು ರೂಪಾಯಿಯ ನೋಟಿನಲ್ಲಿ ನಮಗೆ ಗಾಂಧೀಜಿ ಇರುವ ಹಾಗೆ ಅವರ ನೂರು ಡಾಲರ್ ನೋಟಿನಲ್ಲಿರುವ ಮನುಷ್ಯ. 18ನೇ ಶತಮಾನದಲ್ಲೇ ನೀವು ಕೇಳುತ್ತಿರುವ ಈ ಸಣ್ಣ ಪಾಠದ ಪದ್ಧತಿಯನ್ನು ಅವನು ಮಾಡಿದ್ದ. ಒಂದು ಪುಟ್ಟ ಪುಸ್ತಕದಲ್ಲಿ ಗೆರೆ ಎಳೆದು, 13 ಗುಣಗಳ ಪಟ್ಟಿ ಮಾಡಿ, ವಾರಕ್ಕೆ ಒಂದು ಗುಣದ ಮೇಲೆ ಗಮನ ಇಟ್ಟು, ತಪ್ಪಿದಾಗೆಲ್ಲ ಒಂದು ಕಪ್ಪು ಚುಕ್ಕೆ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಎಷ್ಟು ಅಚ್ಚುಕಟ್ಟು ನೋಡಿ! ಆದರೆ ಮೊದಲು ಅವನ ಪಟ್ಟಿಯಲ್ಲಿ ಇದ್ದದ್ದು 12 ಗುಣ ಮಾತ್ರ. ನಿನಗೆ ಅಹಂಕಾರ ಇದೆ ಅಂತ ಜನ ಅಂದುಕೊಳ್ಳುತ್ತಾರೆ, ಮಾತಿನಲ್ಲಿ ನೀನು ಗೆದ್ದರೆ ಸಾಲದು, ಎದುರಿನವರ ಮೇಲೆ ಸವಾರಿ ಮಾಡುತ್ತೀಯ ಅಂತ ಒಬ್ಬ ಸ್ನೇಹಿತ ಉದಾಹರಣೆ ಸಮೇತ ಹೇಳಿದ ಮೇಲೆ, 13ನೆಯದಾಗಿ ವಿನಯ ಸೇರಿತು. ಅಷ್ಟು ಶಿಸ್ತಾಗಿ ತನ್ನನ್ನು ತಾನು ನೋಡಿಕೊಳ್ಳುತ್ತಿದ್ದವನಿಗೂ ಅದೊಂದು ಕಂಡಿರಲಿಲ್ಲ. ವಿನಯ ನಿಜವಾಗಿ ಬಂತೋ ಇಲ್ಲವೋ, ತೋರಿಕೆಯಂತೂ ಚೆನ್ನಾಗಿ ಕಲಿತೆ ಅಂತ ಅವನೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ.

ಆ ಸ್ನೇಹಿತ ಉದಾಹರಣೆ ಸಮೇತ ಹೇಳಿದ ಅನ್ನುವುದನ್ನು ಗಮನಿಸಿ. ಯಜಮಾನರನ್ನು ‘ನಾನು ಹೇಗೆ’ ಅಂತ ಕೇಳಿದರೆ ಮತ್ತೆ ತೀರ್ಪೇ ಸಿಗುತ್ತದೆ. ತಿಂಗಳಿಗೊಮ್ಮೆ, ಜಗಳ ಇಲ್ಲದ ದಿನ, ಗಾಡಿಯಲ್ಲಿ ಹೋಗುವಾಗಲೋ ಕಾಫಿ ಕುಡಿಯುವಾಗಲೋ ಒಂದು ಸಣ್ಣ ಪ್ರಶ್ನೆ ಕೇಳಿ: ‘ರೀ, ನಾನು ರೇಗುತ್ತೇನೆ ಅಂತ ನಿಮಗೆ ಮೊದಲು ಯಾವಾಗ ಗೊತ್ತಾಗುತ್ತದೆ? ಏನು ನೋಡಿ?’ ಅವರು ‘ಪಾತ್ರೆ ಇಡುವ ಸದ್ದು ಬದಲಾಗುತ್ತದೆ’ ಅಂದರೆ, ವರ್ಷದ ಪಾಠಗಳಿಗಿಂತ ಜಾಸ್ತಿ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಉತ್ತರ ಬಂದಾಗ ವಾದ ಮಾಡಬೇಡಿ, ಬರೆದುಕೊಳ್ಳಿ. ಕೇಳಲು ಅವರು ಸರಿಯಾದ ವ್ಯಕ್ತಿ ಅಲ್ಲ ಅನ್ನಿಸಿದರೆ, ನಿಮ್ಮ ಬಗ್ಗೆ ಪ್ರೀತಿಯೂ ಇರುವ, ಮುಲಾಜೂ ಇಲ್ಲದ ಒಬ್ಬ ಅಕ್ಕನೋ ಸಹೋದ್ಯೋಗಿಯೋ ಸಾಕು. ದೊಡ್ಡ ಮಗುವನ್ನೂ ಕೇಳಬಹುದು. ಮಕ್ಕಳು ಇಂಥದ್ದರಲ್ಲಿ ಬಹಳ ನಿಖರ, ಕೇಳಿಸಿಕೊಳ್ಳುವ ಧೈರ್ಯ ಮಾತ್ರ ನಮಗಿರಬೇಕು.

ಎಷ್ಟು ದಿನ ಮಾಡಬೇಕು? 21 ದಿನದಲ್ಲಿ ಅಭ್ಯಾಸ ಆಗುತ್ತದೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ, ಅದನ್ನು ಮರೆತುಬಿಡಿ. ಲಂಡನ್‌ನಲ್ಲಿ ಫಿಲಿಪಾ ಲಾಲಿ ಮತ್ತು ತಂಡ 96 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ, ಒಂದು ಸಣ್ಣ ಕೆಲಸ ತಾನಾಗೇ ಆಗುವಷ್ಟು ರೂಢಿಯಾಗಲು ಹಿಡಿದದ್ದು ಸಾಮಾನ್ಯವಾಗಿ 66 ದಿನ. ಕೆಲವರಿಗೆ 18 ಸಾಕಾಯಿತು, ಕೆಲವರಿಗೆ 254ರವರೆಗೂ ಬೇಕಾಗಬಹುದು ಅಂತ ಲೆಕ್ಕ ಬಂತು. ಮಧ್ಯೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಹಬ್ಬ, ಮದುವೆ, ಮಾರ್ಚ್ ಕೊನೆಯ ವಾರದ ಕ್ಲೋಸಿಂಗ್, ಇವೆಲ್ಲ ಬಂದಾಗ ಪುಸ್ತಕ ಬಿಡಿ. ಬಿಟ್ಟ ದಿನಗಳನ್ನು ಆಮೇಲೆ ನೆನಪು ಮಾಡಿಕೊಂಡು ತುಂಬಿಸಲು ಮಾತ್ರ ಹೋಗಬೇಡಿ, ಅದು ಕಥೆಯಾಗುತ್ತದೆ.

ಒಂದು ಎಚ್ಚರಿಕೆ. ಹೀಗೆ ಬರೆಯಲು ಶುರು ಮಾಡಿದ ಮೇಲೂ ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಂತಾದರೆ, ಇದ್ದೂ ಪ್ರಯೋಜನವಿಲ್ಲ ಅನ್ನುವ ಯೋಚನೆ ಬಂದರೆ, ಅದು ಪುಸ್ತಕದಿಂದ ಆಗುವ ಕೆಲಸ ಅಲ್ಲ. ಕೊನೆಯದು ಬಂದರೆ ಎರಡು ವಾರವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಸಿಟ್ಟು, ಸುಸ್ತು ಇತ್ತೀಚೆಗೆ ದಿಢೀರನೆ ಜಾಸ್ತಿಯಾಗಿದೆ ಅನ್ನಿಸಿದರೆ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಒಮ್ಮೆ ನೋಡಿಸಿಕೊಳ್ಳಿ. ರಕ್ತ ಕಡಿಮೆ ಇದ್ದರೆ ಎಂಥ ತಾಳ್ಮೆಯವರೂ ರೇಗುತ್ತಾರೆ.

ಉಳಿದದ್ದು ಸಣ್ಣಪುಟ್ಟದ್ದು. ಹತ್ತು ರೂಪಾಯಿಯ ನೋಟ್‌ಬುಕ್ಕೇ ಒಳ್ಳೆಯದು, ಫೋನ್‌ನಲ್ಲಿ ಬರೆಯಲು ಹೋದರೆ ಬರೆಯುವ ಮುಂಚೆ ವಾಟ್ಸ್ಆ್ಯಪ್ ತೆರೆದಿರುತ್ತೀರಿ. ಮನೆಯಲ್ಲಿ ಮಾತಾಡುವ ಕನ್ನಡದಲ್ಲೇ ಬರೆಯಿರಿ, ನೀವು ಅಂದ ಮಾತನ್ನು ಅಂದ ಹಾಗೇ. ಯಾರಿಗೂ ತೋರಿಸಬೇಕಿಲ್ಲ. ಮನೆಯಲ್ಲಿ ಯಾರಾದರೂ ಓದಿಬಿಡುತ್ತಾರೆ ಅನ್ನುವ ಭಯ ಇದ್ದರೆ ಬ್ಯಾಂಕಿನ ಡ್ರಾಯರ್‌ನಲ್ಲಿ ಇಟ್ಟು, ಮಾರನೇ ದಿನ ಕೌಂಟರ್ ತೆರೆಯುವ ಮುಂಚಿನ ಐದು ನಿಮಿಷದಲ್ಲಿ ಹಿಂದಿನ ಸಂಜೆಯದನ್ನು ಬರೆಯಿರಿ, ಸ್ವಲ್ಪ ಮಸುಕಾಗಿದ್ದರೂ ನಡೆಯುತ್ತದೆ. ಈಗಾಗಲೇ ಬರೆದಿಟ್ಟ ಹಳೆಯ ಡೈರಿಯ ‘ನಾನು ಯಾಕೆ ಹೀಗೆ’ ಪುಟಗಳನ್ನು ಸದ್ಯಕ್ಕೆ ತೆಗೆದು ಓದಬೇಡಿ.